ನಂದು ಟರ್ಬೊ

ಆರನೆಯ ಮಹಡಿಯಿಂದ ನಿಧಾನಕ್ಕೆ ಇಳಿಯುತ್ತಿದ್ದ ಲಿಫ್ಟಿನ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಉಕ್ಕಿನ ಹಗ್ಗಗಳಿಗೆ ಟಾರ್ಚು ಬಿಡುತ್ತ, ಅವನು ಒಬ್ಬನೇ ನಗುತ್ತಿದ್ದ. ನಗಬಾರದು ಅಂದುಕೊಂಡಷ್ಟೂ ಅದು ಹೊಟ್ಟೆಯ ತಳದಿಂದ ಗುಳುಗುಳು ಎಂದು ಎದ್ದು ಬರುತ್ತಿತ್ತು. ಕೆಳಗೆ ಬಾಗಿಲ ಬಳಿ ನಿಂತಿದ್ದ ಕಟ್ಟಡದ ಕಾವಲುಗಾರ, 'ಏನಾದ್ರೂ ಅಂದ್ರಾ ಸಾರ್?' ಎಂದು ಕೂಗಿದ. 'ಏನಿಲ್ಲ, ಕೆಮ್ಮು' ಎಂದು ಇವನು ಕೂಗಿ ಹೇಳಿ, ಆ ಸುಳ್ಳಿಗೆ ಮತ್ತಷ್ಟು ನಕ್ಕ. ಹದಿನೆಂಟು ವರ್ಷದಿಂದ ಲಿಫ್ಟು ತಪಾಸಣೆ ಮಾಡುತ್ತಿರುವವನು, ನಲವತ್ತಮೂರು ದಾಟಿದವನು, ಹಗ್ಗದ ಎಳೆ ಬಿಚ್ಚಿದೆಯೇ, ಬ್ರೇಕು ಸವೆದಿದೆಯೇ ಎಂದು ನೋಡುವುದು ಬಿಟ್ಟು ಹೀಗೆ ಕಿಸಿಯುತ್ತಿದ್ದರೆ ಕೆಳಗೆ ಓಡಾಡುವವರ ಗತಿ ಏನು ಎಂದು ತನ್ನನ್ನೇ ಗದರಿಕೊಂಡ. ಗದರಿಕೆಯೂ ಕಚಗುಳಿ ಇಟ್ಟಂತಾಯಿತು. ಬೆಳಿಗ್ಗೆ ಏಳೂವರೆಗೆ ಹೆಂಡತಿಯ ತಮ್ಮ ಫೋನು ಮಾಡಿದ್ದ. ಅವನದು ಊರಾಚೆಯ ಗೋದಾಮುಗಳ ಸಾಲಿನಲ್ಲಿ ಒಂದು ಕಾರು ಗ್ಯಾರೇಜು, ಇವನ ಕಾರು ಈಗ ಅಲ್ಲೇ ಇತ್ತು. 'ಭಾವ, ಇವತ್ತು ನಾಲ್ಕು ಗಂಟೆ ಒಳಗೆ ಹೇಳ್ಬಿಡಿ. ಟರ್ಬೊನೂ ಬಂದಿದೆ, ಸೂಪರ್ ಚಾರ್ಜರೂ ಬಂದಿದೆ, ಎರಡೂ ಮೇಜಿನ ಮೇಲೆ ಕೂತಿವೆ. ವ್ಯಾನು ಬಂದಾಗ ಒಂದು ವಾಪಸ್ ಹೋಗ್ಬೇಕು. ಯಾವುದು ಹೋಗೋದು?'

ಆ ಫೋನಿನ ಹೊತ್ತಿಗೆ ಹೆಂಡತಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ, ಒಂಬತ್ತಕ್ಕೆ ಅಲ್ಲಿರಬೇಕು. 'ಎರಡಕ್ಕೂ ವ್ಯತ್ಯಾಸ ಏನ್ರೀ?' ಎಂದು ಕನ್ನಡಿಯಲ್ಲೇ ಕೇಳಿದಳು. ಅವನು ಉತ್ಸಾಹದಿಂದ ಎರಡೂ ಕೈ ಎತ್ತಿದ. ಎಂಜಿನ್ ಉಸಿರಾಡುವುದು, ನಾಲ್ಕು ಸಿಲಿಂಡರು ತಮ್ಮ ಪಾಡಿಗೆ ತಾವು ಎಳೆದುಕೊಳ್ಳುವ ಗಾಳಿ ಸಾಲದಾಗುವುದು, ಟರ್ಬೊ ಎಂಬುದು ಹೊರಗೆ ಹೋಗುವ ಹೊಗೆಯ ರಭಸದಲ್ಲೇ ತಿರುಗಿ ಒಳಕ್ಕೆ ಗಾಳಿ ಒತ್ತುವುದು, ಸೂಪರ್ ಚಾರ್ಜರು ಎಂಜಿನ್ನಿನದೇ ಬೆಲ್ಟು ಹಿಡಿದು ತಿರುಗುವುದು. ಅವಳು ಪೂರ್ತಿ ಕೇಳಿ, 'ಅಂದ್ರೆ ಒಂದಕ್ಕೆ ಹೊಗೆ, ಇನ್ನೊಂದಕ್ಕೆ ಬೆಲ್ಟು. ಎರಡೂ ಗಾಳೀನ ತುರುಕ್ತವೆ. ಇಷ್ಟಕ್ಕೆ ಮೂರು ವಾರದಿಂದ ಹೊರಳಾಡ್ತಾ ಇದೀರಾ?' ಎಂದಳು. ಆಮೇಲೆ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ, 'ಅಂದ ಹಾಗೆ, ನಿನ್ನೆ ಸಂಜೆ ಯಾರೋ ಫೋನ್ ಮಾಡಿ ಟರ್ಬೊ ಇದಾರಾ ಅಂದ್ರು. ರಾಂಗ್ ನಂಬರ್ ಅಂತ ಇಟ್ಟೆ' ಎಂದಳು. ಅವನ ಕಿವಿ ಬಿಸಿಯಾಯಿತು. ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿದ. ಬೂಟಿಗೆ ದಾರವೇ ಇರಲಿಲ್ಲ.

ಆ ಹೆಸರು ಅವನ ಮೈಮೇಲೆ ಬಂದು ಕೂತು ಆರು ತಿಂಗಳಾಗಿತ್ತು. ಅದಕ್ಕೆ ಮೊದಲು ಅವನಿಗೆ ಯಾರೂ ಅಡ್ಡಹೆಸರು ಇಟ್ಟಿರಲಿಲ್ಲ, ಬೈಗುಳದ ಹೆಸರನ್ನು ಕೂಡ. ಆಫೀಸಿನಲ್ಲಿ ಅವನನ್ನು ಕರೆಯಬೇಕಾದವರು 'ರೀ' ಎನ್ನುತ್ತಿದ್ದರು. ಅದಕ್ಕೆ ಪಕ್ಕದವನೂ ತಿರುಗುತ್ತಿದ್ದ. ಅವತ್ತು ಮಧ್ಯಾಹ್ನ ಊಟದ ಕೋಣೆಯಲ್ಲಿ ಮ್ಯಾನೇಜರು ತಾವು ಹೊಸದಾಗಿ ಕೊಂಡ ಕಾರಿನ ವಿಚಾರ ಎತ್ತಿ ಇಪ್ಪತ್ತು ನಿಮಿಷವಾಗಿತ್ತು. ಸೀಟಿನ ಬಟ್ಟೆ, ಬಾಗಿಲು ಮುಚ್ಚುವಾಗ ಬರುವ ಸದ್ದು, ಹಿಂದಿನ ಗಾಜು ಒರೆಸುವ ಪುಟ್ಟ ಕಡ್ಡಿ. ಇವನೂ ಅದಕ್ಕೆ ಎರಡು ತಿಂಗಳ ಮೊದಲು ಒಂದು ಕಾರು ಕೊಂಡಿದ್ದ. ಎರಡೇ ಸೀಟಿನ, ತಲೆ ಮೇಲೆ ಬಟ್ಟೆಯ ಮುಚ್ಚಳದ, ನೆಲಕ್ಕೆ ಹೊಟ್ಟೆ ತಾಗುವಂತಿದ್ದ ಹಳೆಯ ಸ್ಪೋರ್ಟ್ಸ್ ಕಾರು. ಮೂವರ ಕೈ ದಾಟಿ ಬಂದದ್ದು. ಅದನ್ನು ಆಫೀಸಿಗೆ ತಂದಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಬೇರೆ ಯಾರೋ ಮಾತು ಶುರು ಮಾಡಿರುತ್ತಿದ್ದರು. ಅವತ್ತು ಡಬ್ಬಿ ಖಾಲಿ ಮಾಡಿ, ಕೈ ತೊಳೆಯಲೆಂದು ಎದ್ದವನ ಬಾಯಿಂದ ಇದ್ದಕ್ಕಿದ್ದಂತೆ, 'ನಂದು ಟರ್ಬೊ' ಎಂದು ಜಾರಿಬಿಟ್ಟಿತು. ಟರ್ಬೊ ಇರಲಿಲ್ಲ. ಸಾದಾ ನಾಲ್ಕು ಸಿಲಿಂಡರು, ಹುಟ್ಟಿದ ಹಾಗೇ ಇತ್ತು. ಆದರೆ ಮ್ಯಾನೇಜರು ಚಮಚ ಕೆಳಗಿಟ್ಟರು. ದೂರು ಬರೆದುಕೊಳ್ಳುವ ಮೇಜಿನ ಹೆಂಗಸು ಇವನನ್ನೇ ನೋಡಿ ಕಣ್ಣರಳಿಸಿದಳು. ಮರುದಿನ ಬೆಳಿಗ್ಗೆ ಅವಳೇ, 'ಬನ್ನಿ ಟರ್ಬೊ, ಎರಡು ದೂರು ಬಂದಿವೆ' ಎಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆಗೆ ವೈರಿಂಗಿನವನೂ ಹಾಗೇ ಕರೆದ. ವಾರದೊಳಗೆ ಬೇರೆ ಶಾಖೆಯವರೂ ಕರೆದರು. ತಿದ್ದಬೇಕಿತ್ತು, ನಾಳೆ ತಿದ್ದೋಣ ಎನ್ನುತ್ತ, ಕನ್ನಡಿಯಲ್ಲಿ ಕ್ರಾಪು ಸರಿಮಾಡಿಕೊಳ್ಳುವಾಗ ಆ ಹೆಸರನ್ನು ಮೆಲ್ಲಗೆ ಹೇಳಿ ನೋಡುತ್ತ ಬಂದ.

ಲಿಫ್ಟು ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಬಂದಾಗ ಅವನ ಕೈ ತಾನಾಗಿಯೇ ನಿಲ್ಲಿಸುವ ಗುಂಡಿಯನ್ನು ಒತ್ತಿತು. ಇಂಥದೇ ಗೂಡಿನಲ್ಲಿ, ಇಂಥದೇ ಇಟ್ಟಿಗೆ ಗೋಡೆಯ ಎದುರು, ಎರಡು ವರ್ಷದ ಹಿಂದೆ ವೈರಿಂಗಿನವನು ಅವನಿರುವುದನ್ನು ಮರೆತು ಮೇನ್ ಆರಿಸಿ ಊಟಕ್ಕೆ ಹೋಗಿದ್ದ. ಐವತ್ತು ನಿಮಿಷ ಕತ್ತಲು. ಗ್ರೀಸಿನ ವಾಸನೆ. ಮೊದಲು ಕೂಗಿದ, ಆಮೇಲೆ ಕೂಗಲು ನಾಚಿಕೆಯಾಯಿತು. ಕತ್ತಲಲ್ಲಿ ಕೂತವನಿಗೆ ಶಾಲೆಯ ಹಾಜರಿ ಪುಸ್ತಕ ನೆನಪಿಗೆ ಬಂದಿತ್ತು. ನಾಲ್ಕನೆಯ ತರಗತಿಯಲ್ಲಿ ಮೇಷ್ಟ್ರು ಪುಸ್ತಕ ಬದಲಾಯಿಸಿದಾಗ ಇವನ ಹೆಸರು ಬರೆಯುವುದನ್ನೇ ಬಿಟ್ಟಿದ್ದರು. ಹದಿಮೂರು ದಿನ ಅವನು ಪ್ರತಿ ಬೆಳಿಗ್ಗೆ 'ಹಾಜರ್' ಎನ್ನಲು ಉಸಿರು ಎಳೆದುಕೊಂಡು ತಯಾರಾಗಿ ಕೂತು, ಹೆಸರು ಬಾರದೆ ಉಸಿರನ್ನು ಹಾಗೇ ನುಂಗುತ್ತಿದ್ದ. ಎದ್ದು ಕೇಳಿದ್ದರೆ ಮುಗಿಯುತ್ತಿತ್ತು. ಹಳೆಯ ಪುಸ್ತಕದ ಜೊತೆ ತಾಳೆ ನೋಡಿದ ಶಾಲೆಯ ಕಚೇರಿಯಿಂದ, ಹುಡುಗ ಬರುತ್ತಲೇ ಇಲ್ಲವಲ್ಲ ಎಂದು ಮನೆಗೆ ಚೀಟಿ ಬಂದಾಗ ಅಪ್ಪ ಹೊಡೆದಿದ್ದ. ಹೊಡೆತ ತಿನ್ನುತ್ತಲೂ, ಬರದವನೆಂದಾದರೂ ಗುರುತಿಸಿದರಲ್ಲ ಎಂದು ಅವನಿಗೆ ಒಂದು ಬಗೆಯ ಸಮಾಧಾನವಾಗಿತ್ತು. ಊಟ ಮುಗಿಸಿ ಬಂದ ವೈರಿಂಗಿನವನು, 'ಅಯ್ಯೋ, ನೀವು ಒಳಗಿದ್ರಾ?' ಎಂದಿದ್ದ. 'ಪರವಾಗಿಲ್ಲ ಬಿಡಿ' ಎಂದಿದ್ದ ಇವನು. ಆ ಪರವಾಗಿಲ್ಲ ಎಂಬ ಮಾತು ಎಷ್ಟೋ ದಿನ ಬಾಯಲ್ಲಿ ಕಹಿ ಮಾತ್ರೆಯಂತೆ ಕರಗದೆ ಉಳಿದಿತ್ತು. ಅಂದಿನಿಂದ ಕೆಲಸಕ್ಕಲ್ಲದೆ ಲಿಫ್ಟಿಗೆ ಕಾಲಿಡುವುದನ್ನೇ ಬಿಟ್ಟು ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದ. ಈಗ ಯಾರಾದರೂ ಮರೆಯಲಿ ನೋಡೋಣ. ಟರ್ಬೊ ಎಲ್ಲಿ, ಟರ್ಬೊ ಕಾಣಿಸ್ತಾ ಇಲ್ವಲ್ಲ ಎಂದು ನಾಲ್ಕು ಜನ ಹುಡುಕುತ್ತಾರೆ! ಇಟ್ಟಿಗೆ ಗೋಡೆಗೆ ಅವನು ಹಲ್ಲು ಕಿರಿದು ಇಳಿಸುವ ಗುಂಡಿ ಒತ್ತಿದ. ಲಿಫ್ಟು ಇಳಿಯಿತು.

ಹೋದ ತಿಂಗಳು ಮ್ಯಾನೇಜರು, 'ಏನ್ರೀ, ಒಂದಿನ ತೋರಿಸಲ್ವಾ ನಿಮ್ಮ ಟರ್ಬೊನ?' ಎಂದದ್ದೇ ಈ ಎಲ್ಲಕ್ಕೂ ಕಾರಣ. ಸುಳ್ಳನ್ನು ಒಪ್ಪಿಕೊಳ್ಳುವುದಕ್ಕಿಂತ ಅದನ್ನು ನಿಜ ಮಾಡಿಬಿಡುವುದು ಸುಲಭವೆಂದು ತೋರಿತು. ಕಾರನ್ನು ಮೈದುನನ ಗ್ಯಾರೇಜಿಗೆ ಬಿಟ್ಟು, ದಮ್ಮು ಸಾಲದು ಕಣಪ್ಪ, ಏನಾದರೂ ಹಾಕು ಎಂದಿದ್ದ. ಟರ್ಬೊ ಹಾಕು ಎಂದು ಸೀದಾ ಹೇಳದೆ ಏನಾದರೂ ಎಂದದ್ದು ತಪ್ಪಾಯಿತು. ಮೈದುನ ಶ್ರದ್ಧೆಯ ಮನುಷ್ಯ. ಏನಾದರೂ ಎಂದರೆ ಎಲ್ಲವನ್ನೂ ಯೋಚಿಸುವವನು.

ಮಧ್ಯಾಹ್ನ ಅರ್ಧ ದಿನದ ರಜೆ ಕೇಳಿ ಗ್ಯಾರೇಜಿಗೆ ಹೋದಾಗ ಮೈದುನ ಮೇಜಿನ ಮೇಲೆ ಹಳೆಯ ಟವೆಲು ಹಾಸಿ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದ. ಟರ್ಬೊ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡು ಮುದ್ದಾಗಿತ್ತು. ಸೂಪರ್ ಚಾರ್ಜರು ಒಂದು ತುದಿಗೆ ಗಾಲಿ ಅಂಟಿಸಿದ ದಪ್ಪ ಡಬ್ಬಿ. ಅವನ ಬೆರಳು ತಾನಾಗಿ ಚಿಪ್ಪಿನ ಒಳಗೆ ಹೋಗಿ ಪುಟ್ಟ ರೆಕ್ಕೆಗಳನ್ನು ತಿರುಗಿಸಿತು. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು.

'ಸೂಪರ್ ಚಾರ್ಜರೇ ಸರಿ ಭಾವ ನಿಮ್ಮ ಗಾಡಿಗೆ,' ಎಂದ ಮೈದುನ. 'ನೋಡಿ, ಟರ್ಬೊ ಕೂರೋ ಜಾಗ ಇಲ್ಲಿ. ಪಕ್ಕದಲ್ಲೇ ಬ್ರೇಕ್ ಎಣ್ಣೆ ಡಬ್ಬಿ. ಒಲೆ ಪಕ್ಕ ಬೆಣ್ಣೆ ಇಟ್ಟ ಹಾಗಾಗುತ್ತೆ. ಶಾಖಕ್ಕೆ ತಗಡು ಕಟ್ಬೇಕು, ಹೊಗೆ ಕೊಳವೆ ಪೂರ್ತಿ ಬದಲಾಯಿಸ್ಬೇಕು, ಎಣ್ಣೆಗೆ ಬೇರೆ ಪೈಪು. ನೀವು ಓಡ್ಸೋದು ಊರೊಳಗೆ, ತಿರುವಲ್ಲಿ. ನಿಮಗೆ ಕಾಲಿಟ್ಟ ಕೂಡ್ಲೆ ಎಳೆತ ಬೇಕು, ಟರ್ಬೊ ಒಂದು ಗಳಿಗೆ ಕಾಯಿಸುತ್ತೆ.'

'ಟರ್ಬೊನೇ ಹಾಕು ಅಂದ್ರೆ?'

'ಹಾಕ್ತೀನಿ. ಆಗಲ್ಲ ಅಂತೇನಿಲ್ಲ. ಪೆಟ್ರೋಲೂ ಕಮ್ಮಿ ಕುಡಿಯುತ್ತೆ, ಉದ್ದ ರಸ್ತೇಲಿ ಇದಕ್ಕಿಂತ ಜೋರಾಗೂ ಹೋಗುತ್ತೆ. ಆದ್ರೆ ಯಾಕೆ ಅಂತ ಹೇಳಿ. ಕಾರಣ ಹೇಳಿದ್ರೆ ಹಾಕ್ತೀನಿ.'

ಕಾರಣ ನಾಲಿಗೆಯ ತುದಿಯಲ್ಲಿತ್ತು. ಅವನು ಟವೆಲಿನ ಅಂಚನ್ನು ಮಡಚಿದ, ಬಿಚ್ಚಿದ. ಎದುರಿಗಿದ್ದವನು ಹೆಂಡತಿಯ ತಮ್ಮ. ಮದುವೆಯ ದಿನ ಹದಿನಾರು ವರ್ಷದವನಾಗಿ ಇವನ ಪಕ್ಕದಲ್ಲಿ ನಿಂತು, 'ಭಾವ, ನೀವು ಲಿಫ್ಟ್ ಬಿಚ್ಚಿ ಮತ್ತೆ ಜೋಡಿಸ್ತೀರಂತೆ ಹೌದಾ?' ಎಂದು ಬೆರಗಿನಿಂದ ಕೇಳಿದ್ದವನು. ಇವನ ಕೆಲಸದ ಬಗ್ಗೆ ಹಾಗೆ ಕೇಳಿದವನು ಜಗತ್ತಿನಲ್ಲಿ ಅವನೊಬ್ಬನೇ. ಅವನಿಗೆ ಹೇಗೆ ಹೇಳುವುದು?

ಮೈದುನ ಮುಖ ನೋಡಿ ಏನೂ ಕೇಳದೆ ಎರಡು ಕೀಲಿಗೊಂಚಲು ತಂದ. ಮೊದಲನೆಯದು ಬ್ರೇಕು ರಿಪೇರಿಯಾಗಿ ಓಡಿಸಿ ನೋಡಬೇಕಾಗಿದ್ದ ಯಾರದೋ ಟರ್ಬೊ ಕಾರು. ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಇವನು ಕಾಲು ಒತ್ತಿದ. ಏನೂ ಆಗಲಿಲ್ಲ. ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಕಾರು ಕೇಳಿಸಿಕೊಂಡರೂ ಕೇಳಿಸದ ಹಾಗೆ ಹೋಗುತ್ತಿತ್ತು. ಆಮೇಲೆ ಹಿಂದಿನಿಂದ ಯಾರೋ ಬೆನ್ನಿಗೆ ಕೈಯಿಟ್ಟು ದಬ್ಬಿದಂತೆ ಧುಮ್ಮಿಕ್ಕಿತು. ಸೊಗಸಾಗಿತ್ತು. 'ಆಹಾ' ಎಂದ. ಅದನ್ನು ನಿಜವಾಗಿ ಅನಿಸಿ ಅಂದನೇ, ಅನ್ನಬೇಕಲ್ಲ ಎಂದು ಅಂದನೇ ಎಂದು ಅನುಮಾನವಾಯಿತು. ಎರಡನೆಯದು ಮೈದುನನದೇ ಕಾರು, ಇವನದೇ ಜಾತಿಯದು, ಮೂತಿಯೊಳಗೆ ಸೂಪರ್ ಚಾರ್ಜರು. ತಿರುವಿನ ಬಾಯಲ್ಲಿ ಹೆಬ್ಬೆರಳಷ್ಟು ಒತ್ತಿದ. ಒತ್ತಿದ್ದೇ ತಡ, ಕೀಂಯ್ ಎಂಬ ಸದ್ದಿನ ಜೊತೆ ರಸ್ತೆ ಅವನ ತೊಡೆಯ ಮೇಲೆ ಬಂದು ಕೂತಿತು. ಬಿಟ್ಟ, ನಿಂತಿತು. ಒತ್ತಿದ, ಬಂತು. ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೂ ಮೈ ಹೋಗುವುದಕ್ಕೂ ನಡುವೆ ಒಂದು ಕೂದಲೆಳೆ ಜಾಗವಿರಲಿಲ್ಲ. ಅವನ ಗಂಟಲಿನಿಂದ ಒಂದು ಸದ್ದು ಹೊರಟಿತು. ನಗುವೂ ಅಲ್ಲ, ಕೂಗೂ ಅಲ್ಲ. ಏರಿಳಿತದಲ್ಲಿ ಹೊಟ್ಟೆ ಗಂಟಲಿಗೆ ಬಂತು, ಕಣ್ಣಲ್ಲಿ ನೀರು ಬಂತು. 'ಮತ್ತೆ! ಮತ್ತೆ!' ಎಂದು ತನಗೆ ತಾನೇ ಕೂಗಿಕೊಳ್ಳುತ್ತ ಅದೇ ತಿರುವನ್ನು ಏಳು ಸಲ ಸುತ್ತಿದ. ಪಕ್ಕದಲ್ಲಿ ಮೈದುನ ಬಾಗಿಲ ಹಿಡಿ ಹಿಡಿದುಕೊಂಡು, 'ಭಾವ, ಪೆಟ್ರೋಲು, ಪೆಟ್ರೋಲು' ಎನ್ನುತ್ತಿದ್ದ.

ಕಾರು ನಿಂತ ಮೇಲೆ, ಇನ್ನೂ ಸ್ಟೀರಿಂಗು ಹಿಡಿದೇ, ಏದುಸಿರಿನಲ್ಲಿ ಅವನು ಎಲ್ಲವನ್ನೂ ಹೇಳಿಬಿಟ್ಟ. ಊಟದ ಕೋಣೆ, ಬಾಯಿ ಜಾರಿದ್ದು, ಹೆಸರು, ಹೆಂಡತಿ ರಾಂಗ್ ನಂಬರ್ ಎಂದು ಫೋನಿಟ್ಟದ್ದು. ಸೂಪರ್ ಚಾರ್ಜರು ಹಾಕಿಸಿದರೆ ಸುಳ್ಳು ಸುಳ್ಳಾಗಿಯೇ ಉಳಿಯುತ್ತದೆ, ಹೆಸರು ಹೋಗುತ್ತದೆ ಎಂದದ್ದು. ಮೈದುನ ಗಂಭೀರವಾಗಿ ಎದುರಿನ ಗಾಜಿನ ಕಡೆ ಮುಖ ತಿರುಗಿಸಿದ. ತುಟಿ ಅದುರಿತು.

'ಅಂದ್ರೆ ಭಾವ, ನೀವು ಎಂಜಿನ್ನಿಗೆ ಮೊದಲು ಬಾಯಿಗೆ ಹಾಕಿಸ್ಕೊಂಡ್ರಿ ಟರ್ಬೊನ.'

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗು ನಿಂತ ಮೇಲೆ ಮೈದುನ, 'ಕಾರಣ ಹೇಳಿದ್ರೆ ಹಾಕ್ತೀನಿ ಅಂದಿದ್ದೆ. ಹೇಳಿದ್ರಿ. ಈಗ ನೀವು ಹೇಳಿದ್ದು ಹಾಕ್ತೀನಿ' ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಆಗ ಇವನಿಗೆ ಹೆದರಿಕೆಯಾಯಿತು. ಕಾಲಡಿಯಲ್ಲಿ ಇನ್ನೂ ಆ ಕೀಂಯ್ ಗುನುಗುತ್ತಿತ್ತು. ಅದನ್ನು ಬಿಟ್ಟುಕೊಟ್ಟು, ಒಂದು ಹೆಸರಿಗಾಗಿ, ಜೀವಮಾನವಿಡೀ ಒಂದು ಎರಡು ಎಂದು ಎಣಿಸುತ್ತ ಕೂರುವುದೇ? ಇಷ್ಟು ನಗಿಸಿದ್ದನ್ನು ಬಿಟ್ಟು ನಗಿಸಿದಂತೆ ಕಾಣುವುದನ್ನು ಇಟ್ಟುಕೊಳ್ಳುವುದೇ? 'ಸೂಪರೇ ಹಾಕಪ್ಪ' ಎಂದ. ಮೂರೂವರೆಗೆ ವ್ಯಾನು ಬಂದು, ಬಸವನಹುಳುವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಹೋಯಿತು. ಗೇಟು ದಾಟುವ ತನಕ ಅವನು ನೋಡುತ್ತ ನಿಂತ.

ಇವತ್ತೇ ಹೇಳದಿದ್ದರೆ ಮತ್ತೆ ನಾಳೆ ತಿದ್ದೋಣ ಎನ್ನುತ್ತ ಉಳಿದ ವರ್ಷಗಳೂ ಹೋಗಿಬಿಡುತ್ತವೆಂದು ಬಸ್ಸು ಹಿಡಿದು ಆಫೀಸಿಗೆ ಹಿಂತಿರುಗಿದ. ಸಂಜೆಯ ಚಹಾದ ಹೊತ್ತು. ದೂರಿನ ಮೇಜಿನ ಹೆಂಗಸು, ವೈರಿಂಗಿನವನು, ಇನ್ನಿಬ್ಬರು, ಮೂಲೆಯಲ್ಲಿ ಲೋಟ ಹಿಡಿದ ಮ್ಯಾನೇಜರು. 'ರಜೆ ಹಾಕಿ ಯಾಕೆ ಬಂದ್ರಿ ಟರ್ಬೊ?' ಎಂದರು ಯಾರೋ. ಅವನು ಬಾಗಿಲಲ್ಲೇ ನಿಂತು, ಹಾಜರಿ ಕೂಗಿಗೆ ಕಾಯುವವನಂತೆ ಉಸಿರು ಎಳೆದುಕೊಂಡು, 'ನನ್ನ ಕಾರಲ್ಲಿ ಟರ್ಬೊ ಇಲ್ಲ' ಎಂದ. ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು. 'ಯಾವತ್ತೂ ಇರಲಿಲ್ಲ. ಅವತ್ತು ನಾನು ಸುಳ್ಳು ಹೇಳಿದ್ದು.'

ದೂರಿನ ಮೇಜಿನ ಹೆಂಗಸು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದಳು. 'ನಿಮ್ಮ ಹತ್ರ ಕಾರಿದೆಯಾ?' ಎಂದಳು.

'ಇದೆ. ಅವತ್ತು ಹೇಳಿದ್ನಲ್ಲ, ಊಟದಲ್ಲಿ, ನಂದು ಟರ್ಬೊ ಅಂತ...'

'ಅದು ಕಾರಾ?' ಬಿಸ್ಕತ್ತು ಮುರಿದು ಲೋಟಕ್ಕೆ ಬಿತ್ತು. 'ಅಯ್ಯೋ ರಾಮ! ನಾಲ್ಕು ನಿಮಿಷದಲ್ಲಿ ಡಬ್ಬಿ ಖಾಲಿ ಮಾಡಿ ಎದ್ರಿ ನೀವು ಅವತ್ತು. ಈ ಮನುಷ್ಯ ಎಷ್ಟು ಬೇಗ ತಿಂತಾನಪ್ಪ ಅಂತ ನಾನು ನೋಡ್ತಾನೇ ಇದ್ದೆ. ನೀವೇ ನಂದು ಟರ್ಬೊ ಅಂದ್ರಿ. ನಾನು ನೋಡ್ತಿದ್ದದ್ದಕ್ಕೆ ಉತ್ತರ ಅಂದ್ಕೊಂಡೆ!'

'ನಾನು ಮೆಟ್ಟಿಲು ಹತ್ತೋದಕ್ಕೆ ಅಂದ್ಕೊಂಡಿದ್ದೆ' ಎಂದ ವೈರಿಂಗಿನವನು, ನಿಜವಾಗಿಯೂ ಆಶ್ಚರ್ಯಪಟ್ಟು. 'ಲಿಫ್ಟ್ ಕಂಪನಿಯಲ್ಲಿ ಲಿಫ್ಟ್ ಹತ್ತದೆ ಓಡೋರು ನೀವೊಬ್ರೇ ಅಲ್ವಾ?'

ಕೋಣೆ ನಕ್ಕಿತು. ಅವನ ಮುಖ ಒಂದು ಕ್ಷಣ ಸಣ್ಣಗಾಗಿ, ಮರುಕ್ಷಣ ಅದಕ್ಕೇ ನಗು ಹತ್ತಿ, ಬಾಗಿಲ ಚೌಕಟ್ಟು ಹಿಡಿದುಕೊಂಡ. ಆರು ತಿಂಗಳು ಕಾವಲು ಕಾದ ಸುಳ್ಳನ್ನು ಯಾರೂ ಕೇಳಿಸಿಕೊಂಡೇ ಇರಲಿಲ್ಲ! ಅವರು ನೋಡಿದ್ದು ಇವನನ್ನೇ, ಇವನ ಬಾಯನ್ನು, ಇವನ ಕಾಲನ್ನು. ಇದು ಅವಮಾನವೋ ಸನ್ಮಾನವೋ ತಿಳಿಯದೆ ತಲೆ ಗಿರ್ರೆಂದಿತು. ಆಗಲೇ ಗಮನಕ್ಕೆ ಬಂದದ್ದು, ಮ್ಯಾನೇಜರು ನಗುತ್ತಿಲ್ಲವೆಂದು. ಅವರು ಲೋಟ ಇಟ್ಟು ಹೊರಗೆ ನಡೆದರು. ಕೈ ತೊಳೆಯುವ ತೊಟ್ಟಿಯ ಬಳಿ ಇವನು ಹಿಂದೆಯೇ ಹೋದ.

'ಸುಳ್ಳಾ ಅದು?' ಎಂದರು ಅವರು, ನಲ್ಲಿ ತಿರುಗಿಸದೆ.

'ಹೌದು ಸಾರ್. ತಪ್ಪಾಯ್ತು.'

'ಅವತ್ತಿಂದ ನಾನು ನನ್ನ ಕಾರಿನ ಸುದ್ದಿ ಎತ್ತಿಲ್ಲ. ಗಮನಿಸಿದ್ರಾ?'

ಅವನು ಗಮನಿಸಿರಲಿಲ್ಲ. ಗಮನಿಸದವರ ಬಗ್ಗೆ ಇಷ್ಟು ವರ್ಷ ಕಹಿ ನುಂಗಿದವನು ತಾನು!

'ಐವತ್ತೆಂಟು ವರ್ಷಕ್ಕೆ ಮೊದಲನೇ ಹೊಸ ಕಾರು ಕಣ್ರೀ ಅದು,' ಎಂದರು ಮ್ಯಾನೇಜರು. 'ನಿಮ್ಮದು ಟರ್ಬೊ ಅಂದ್ರಿ. ಆಮೇಲೆ ನಂದು ನೋಡಿದ್ರೆ ಕೊಡೆ ಮಡಚಿಟ್ಟ ಹಾಗೆ ಕಾಣ್ತಿತ್ತು. ತೊಳೆಯೋದೂ ಬಿಟ್ಟೆ. ನಮ್ಮ ಮನೆಯವಳು ಕೇಳಿದ್ಲು, ಏನಾಯ್ತು ಅಂತ. ಏನು ಹೇಳ್ಲಿ?' ಕನ್ನಡಿಯಲ್ಲಿ ಅವರ ಮುಖ ಶಾಲೆಯ ಹುಡುಗನದಾಗಿತ್ತು. ಎಲ್ಲರೂ ಮರೆತ ಆ ಒಂದು ಮಾತು ಇಲ್ಲಿ, ಈ ಮನುಷ್ಯನ ಎದೆಯಲ್ಲಿ, ಆರು ತಿಂಗಳು ಮುಳ್ಳಾಗಿ ಕೂತಿತ್ತು. ಕ್ಷಮೆ ಕೇಳಲು ಹೊರಟರೆ ಪರವಾಗಿಲ್ಲ ಬಿಡಿ ಎಂದುಬಿಡುತ್ತಾರೇನೋ ಎಂದು ಹೆದರಿ, 'ಸಾರ್, ನೀವು ಕಾರಿನ ವಿಷಯ ಪೂರ್ತಿ ಹೇಳ್ಲಿಲ್ಲ ಅವತ್ತು. ಹಿಂದಿನ ಗಾಜಿನ ಕಡ್ಡಿ ತನಕ ಬಂದಿದ್ರಿ' ಎಂದ. ಮ್ಯಾನೇಜರು ತಿರುಗಿ ಅವನನ್ನು ಅಳೆದು ನೋಡಿದರು. ತಮಾಷೆಯಲ್ಲವೆಂದು ಖಾತ್ರಿಯಾದ ಮೇಲೆ ಗಂಟಲು ಸರಿಮಾಡಿಕೊಂಡರು. 'ಹಿಂದೆ ಕ್ಯಾಮೆರಾ ಇದೆ, ಗೊತ್ತಾ? ರಿವರ್ಸ್ ಹಾಕಿದ್ರೆ ತಾನಾಗೇ ಹತ್ತುತ್ತೆ.' 'ಹೌದಾ ಸಾರ್?' 'ಮತ್ತೆ!' ತೊಟ್ಟಿಗೆ ಒರಗಿ ಅವರು ಹೇಳುತ್ತ ಹೋದರು. ಅವನು ಒಂದು ಮಾತೂ ಬಿಡದೆ ಕೇಳಿದ. ದೀಪ ಆರಿಸಲು ಬಂದವನು ಇಬ್ಬರನ್ನೂ ನೋಡಿ ಹಿಂದಕ್ಕೆ ಹೋದ.

ಮುಂದಿನ ವಾರದ ಶನಿವಾರ ಬೆಳಿಗ್ಗೆ ಸೂಪರ್ ಚಾರ್ಜರು ಕೂತ ಕಾರು ಗ್ಯಾರೇಜಿನ ಬಾಗಿಲಲ್ಲಿ ನಿಂತಾಗ ಎರಡು ಸೀಟಿಗೆ ಮೂವರಿದ್ದರು: ಅವನು, ಹೆಂಡತಿ, ಅವನು ಕರೆದು ತಂದಿದ್ದ ಮ್ಯಾನೇಜರು. ವಿಷಯವನ್ನೆಲ್ಲ ತಮ್ಮನಿಂದ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ ಹೆಂಡತಿ, 'ಮೊದಲು ಅವರನ್ನ ಕೂರಿಸ್ಕೊಂಡು ಹೋಗಿ. ನಾನಂತೂ ಇನ್ಮೇಲೆ ದಿನಾ ಕೂರ್ತೀನಲ್ಲ' ಎಂದು ತಮ್ಮನ ಕುರ್ಚಿ ಎಳೆದುಕೊಂಡು ಕೂತಳು. ಮ್ಯಾನೇಜರು ಮೊಣಕಾಲು ಗದ್ದಕ್ಕೆ ತಾಗುವಂತೆ ಒಳಗೆ ಇಳಿದರು. ತಿರುವಿನ ಬಾಯಲ್ಲಿ ಅವನು ಒತ್ತಿದ. ಕೀಂಯ್ ಎಂದಿತು. 'ಅಯ್ಯಯ್ಯಪ್ಪಾ!' ಎಂದರು ಮ್ಯಾನೇಜರು. ಎರಡನೆಯ ತಿರುವಿನಲ್ಲಿ, 'ನಿಲ್ಸಿ! ನಿಲ್ಸಿ ಅಂದೆ!' ಎಂದರು. ಅವನು ಗಾಬರಿಯಿಂದ ನಿಲ್ಲಿಸಿದ. ಅವರು ಕಷ್ಟಪಟ್ಟು ಹೊರಬಂದು, ಕಾರಿನ ಮೂತಿ ಸುತ್ತಿ, ಇವನ ಬಾಗಿಲು ತೆರೆದು, 'ಜರುಗ್ರೀ ಆ ಕಡೆ' ಎಂದರು.

ಎರಡು ಸಲ ಎಂಜಿನ್ ಆರಿಹೋಯಿತು. ಮೂರನೆಯ ಸಲ ಹಿಡಿಯಿತು. ಮ್ಯಾನೇಜರ ಕೂದಲು ಗಾಳಿಗೆ ನೆಟ್ಟಗೆ ನಿಂತಿತ್ತು. ಅವರು ಹಾಡುತ್ತಿದ್ದಾರೋ ಕಿರುಚುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ತನ್ನದೇ ಕಾರಿನ ಪಕ್ಕದ ಸೀಟಿನಲ್ಲಿ ಅವನು ಬಾಗಿಲ ಹಿಡಿ ಹಿಡಿದುಕೊಂಡು, ಕಣ್ಣು ಮುಚ್ಚಿ ತೆಗೆದು, ಮುಚ್ಚಿ ತೆಗೆದು ನಕ್ಕ.

'ಇದರ ಹೆಸರೇನಂದ್ರಿ?' ಎಂದು ಗಾಳಿಯ ಮೇಲೆ ಕೂಗಿದರು ಮ್ಯಾನೇಜರು.

'ಸೂಪರ್ ಚಾರ್ಜರು ಸಾರ್!'

'ಸೋಮವಾರ ಊಟದಲ್ಲಿ ನಾನು ಹೇಳ್ತೀನಿ. ನೀವು ಬಾಯಿ ಬಿಡಬಾರದು, ಸರೀನಾ?'

'ಇಲ್ಲ ಸಾರ್, ನೀವೇ ಹೇಳಿ,' ಎಂದು ಅವನು ಕೂಗಿದ. ಅಷ್ಟರಲ್ಲಿ ಮುಂದಿನ ತಿರುವು ಬಂದು, ಇಬ್ಬರ ಹೊಟ್ಟೆಯೂ ಒಟ್ಟಿಗೆ ಗಂಟಲಿಗೆ ಹಾರಿತು.